ಒಂದು ಒಲೆಗೆ ಒಂದು ಲೈಸೆನ್ಸು

“ರೂಮಿಗೆ ಬೀಗ ಐತಾ?” ಎಂದು ಹುಚ್ಚರಂಗಯ್ಯ ಫೋನಿನಲ್ಲಿ ಕೇಳಿದರು.

“ಐತಪ್ಪ.”

“ನಿಂದೇ ಬೀಗನಾ, ಇಲ್ಲಾ ಎಲ್ಲಾರ ಕೈಲೂ ಕೀ ಇರುತ್ತಾ?”

“ನನ್ ಬೀಗ ನಂದೇ. ಯಾಕಪ್ಪ?”

ಅವರು ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, ಮುಂದಿದ್ದ ಹಾಳೆಯಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. “ಅಡಿಗೆಮನೆ?”

“ಐದು ಜನಕ್ಕೂ ಒಂದೇ. ಫ್ರಿಜ್ಜಿನಾಗೆ ಮಾತ್ರ ಒಬ್ಬೊಬ್ರದ್ದು ಒಂದೊಂದು ಖಾನೆ. ನಂದರ ಮೇಲೆ ಹೆಸ್ರು ಬರ್ದು ಅಂಟ್ಸಿವ್ನಿ.”

“ಅಡಿಗೆ ಒಟ್ಟಿಗೆ ಮಾಡ್ಕಂತೀರಾ?”

“ಎಲ್ಲಪ್ಪಾ! ಅವರವರ ಅನ್ನ ಅವರವರಿಗೆ.”

“ಹಂಗಾದ್ರೆ ನಿಂದು ಬೇರೆ ಸಂಸಾರ ಕಣವ್ವ.”

ಫೋನಿನ ಆ ಕಡೆ ಪುಷ್ಪಲತಾ ನಕ್ಕಳು. “ನಾನೊಬ್ಳೇ ಒಂದು ಸಂಸಾರನಾ ಅಪ್ಪ?”

ಆ ನಗು ಹುಚ್ಚರಂಗಯ್ಯನವರಿಗೆ ಸೇರಲಿಲ್ಲ. ಆಮೇಲೆ ಮಾಡುತ್ತೇನೆಂದು ಹೇಳಿ ಫೋನು ಇಟ್ಟರು.

ಪುಷ್ಪಲತಾ ಅವರ ಒಬ್ಬಳೇ ಮಗಳು. ಇಂಗ್ಲೆಂಡಿನ ಒಂದು ಊರಿನಲ್ಲಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ಮುದುಕರಿಗೆ ಸ್ನಾನ ಮಾಡಿಸಿ ಊಟ ತಿನ್ನಿಸುವ ಕೆಲಸ. ಹೋಗಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಆ ಕೆಲಸಕ್ಕೆ ಬರುವವರು ಮಕ್ಕಳನ್ನು ಜೊತೆಗೆ ತರುವ ಹಾಗಿಲ್ಲವೆಂದು ಅಲ್ಲಿಯ ಕಾನೂನು. ಬೇರೆಯವರ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳಲು ತನ್ನ ಮಗುವನ್ನು ಬಿಟ್ಟೇ ಬರಬೇಕು, ಎಂಥಾ ನ್ಯಾಯವೋ! ಗಂಡ ತಿಮ್ಮರಾಜು ತಿಪಟೂರಿನಿಂದ ಕೊಬ್ಬರಿ ಲೋಡು ಹೇರಿಕೊಂಡು ಉತ್ತರದ ಕಡೆಗೆ ಲಾರಿ ಓಡಿಸುವವನು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಆರು ವರ್ಷದ ಮೀನಾ, ತುರುವೇಕೆರೆಗೆ ನಾಲ್ಕು ಮೈಲಿ ದೂರದ ತೋಟದ ಮನೆಯಲ್ಲಿ, ತಾತ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು.

ಸಂಜೆ ಏಳು ಗಂಟೆಗೆ ಟೀವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಅದರಲ್ಲೊಬ್ಬ ಮರೆಗುಳಿ ಅಡುಗೆಭಟ್ಟ. ಬಂದಾಗಲೆಲ್ಲ ಏನನ್ನಾದರೂ ಕಳೆದುಕೊಂಡು, ಎಲ್ಲಾದರೂ ಎಡವಿ ಬೀಳುತ್ತಿದ್ದ. ನಮಗೆ ಏಳಾದರೆ ಅಲ್ಲಿ ಮಧ್ಯಾಹ್ನ ಎರಡೂವರೆ, ಪುಷ್ಪಲತಾಗೆ ಎರಡು ಮನೆಗಳ ಕೆಲಸದ ನಡುವೆ ಸಿಗುವ ಬಿಡುವು. ರೂಮಿಗೆ ಓಡಿ ಬಂದು ಹಳೇ ಲ್ಯಾಪ್‌ಟಾಪಿನಲ್ಲಿ ಅದೇ ಚಾನೆಲ್ ಹಾಕಿ, ಫೋನನ್ನು ಕಿವಿಗಿಟ್ಟುಕೊಳ್ಳುವಳು. ಇಲ್ಲಿ ಮೀನಾ ಟೀವಿ ಮುಂದೆ ಚಾಪೆಯ ಮೇಲೆ. ಪಕ್ಕದ ದಿಂಬಿನ ಮೇಲೆ ತಾತನ ಫೋನು. “ಅಮ್ಮಾ, ಬಿದ್ದ!” “ಬಿದ್ನಲ್ಲೇ ಮಂಕ!” ಮಾತು ಇಷ್ಟೇ. ಆದರೆ ಇಬ್ಬರೂ ಒಂದೇ ಗಳಿಗೆಗೆ ನಗುತ್ತಿದ್ದರು. ಉಳಿದ ಹೊತ್ತಿನಲ್ಲಿ ಫೋನು ಕೊಟ್ಟರೆ ಹುಡುಗಿ “ಊಂ” “ಊಹೂಂ” ಬಿಟ್ಟು ಬೇರೆ ಆಡುತ್ತಿರಲಿಲ್ಲ. ಅವಳಿಗೆ ಅಮ್ಮ ಇದ್ದದ್ದು ಆ ಅರ್ಧ ಗಂಟೆ.

ಎಂಟು ದಿನದ ಹಿಂದೆ ಪುಷ್ಪಲತಾ ಇದ್ದ ಮನೆಗೆ ಒಂದು ಕಾಗದ ಬಂತು. ಮೇಲೆ ಯಾರ ಹೆಸರೂ ಇರಲಿಲ್ಲ, ‘ಈ ವಿಳಾಸದಲ್ಲಿ ವಾಸವಿರುವವರಿಗೆ’ ಎಂದಿತ್ತು. ಈ ಮನೆಗೆ ಟೀವಿ ಲೈಸೆನ್ಸ್ ಇಲ್ಲ, ಅಧಿಕಾರಿ ಬಂದು ನೋಡಬಹುದು ಎಂದು ಬರೆದಿತ್ತು. ಜೊತೆಯಲ್ಲಿದ್ದವರು ಹರಿದು ಬಿಸಾಕು ಅಂದರು. ಪುಷ್ಪಲತಾ ಬಿಸಾಕಲಿಲ್ಲ. ಫೋಟೋ ತೆಗೆದು ಕಳಿಸಿ, “ನಮ್ಮ ಮನೇಲಿ ಟೀವೀನೇ ಇಲ್ಲ, ಲ್ಯಾಪ್‌ಟಾಪಿಗೂ ಬೇಕಾ? ನೀನೇ ನೋಡಿ ಹೇಳಪ್ಪ, ನಿನಗೆ ಇದೆಲ್ಲಾ ಗೊತ್ತಲ್ಲ” ಅಂದಳು.

ಗೊತ್ತಿತ್ತು. ಅದೇ ತೊಂದರೆ. ಹುಚ್ಚರಂಗಯ್ಯ ತುರುವೇಕೆರೆ ಪೋಸ್ಟಾಫೀಸಿಗೆ ಗುಮಾಸ್ತರಾಗಿ ಸೇರಿದ ಕಾಲದಲ್ಲಿ ರೇಡಿಯೋ ಇಟ್ಟುಕೊಂಡವರೆಲ್ಲ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. ಅಣ್ಣ ತಮ್ಮ ಒಂದೇ ಸೂರಿನಡಿ ಇದ್ದು, ಲೈಸೆನ್ಸ್ ಒಂದಾ ಎರಡಾ ಎಂದು ತಕರಾರು ಬಂದರೆ ಅವರು ಹೋಗಿ ಒಲೆ ಎಣಿಸುವರು. ಒಂದು ಒಲೆಗೆ ಒಂದು ಲೈಸೆನ್ಸು. ಆ ಲೆಕ್ಕ ಯಾವ ಕಾನೂನು ಪುಸ್ತಕದಲ್ಲೂ ಇರಲಿಲ್ಲ, ಅವರೇ ಮಾಡಿಕೊಂಡದ್ದು. ಆದರೂ ಒಬ್ಬರೂ ಎದುರಾಡಿರಲಿಲ್ಲ.

ಕಾಗದದ ಫೋಟೋವನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದರು. ಅಲ್ಲಿಯ ನಿಯಮಗಳನ್ನೂ ಫೋನಿನಲ್ಲಿ ಹುಡುಕಿ, ಒಂದೊಂದು ಪದವನ್ನೂ ಬಿಡದೆ ಓದಿದರು. ಟೀವಿಯೇ ಇರಬೇಕೆಂದಿಲ್ಲ, ಯಾವ ಯಂತ್ರದಲ್ಲಾದರೂ ಸರಿ. ಯಾವ ದೇಶದ ಚಾನೆಲ್ಲಾದರೂ ಸರಿ. ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡಿದರೆ ಲೈಸೆನ್ಸ್ ಬೇಕು. ಪ್ರಸಾರ ಮುಗಿದ ಮೇಲೆ ಆ್ಯಪಿನಲ್ಲಿ ಇಟ್ಟಿರುವುದನ್ನು ನೋಡಿದರೆ ಲೈಸೆನ್ಸ್ ಬೇಡ, ಅಲ್ಲಿಯ ಸಾರ್ವಜನಿಕ ವಾಹಿನಿಯದಕ್ಕೆ ಮಾತ್ರ ಬೇಕು. ಬೀಗ ಬೇರೆಯಾಗಿ ಬಾಡಿಗೆಯೂ ಬೇರೆಯಾದರೆ ಲೈಸೆನ್ಸೂ ಬೇರೆ. ಅರ್ಥವಾಗದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

“ಅಲ್ಲಾ, ಮಗೀನ ಜೊತೆ ಕೂತು ನಗಾಡಕ್ಕೂ ಯಾವನದೋ ಅಪ್ಪಣೆ ಬೇಕಾ?” ಎಂದರು ಹೆಂಡತಿ ಪುಟ್ಟಗಂಗಮ್ಮ. ಅಟ್ಟದಿಂದ ಇಳಿಸಿದ ಕಾಯಿಯೊಂದನ್ನು ಕಿವಿಯ ಹತ್ತಿರ ಆಡಿಸಿ, ಒಳಗಿನ ಗಿಟುಕು ಒಣಗಿ ಗಡಗಡ ಅನ್ನುತ್ತಿದೆಯೇ ಎಂದು ನೋಡುತ್ತಿದ್ದರು. “ಕಟ್ಟಿಬುಡ್ಲಿ ಅತ್ಲಾಗೆ. ತಗಳ್ಳಿ ಲೈಸೆನ್ಸು.”

ಅದನ್ನೂ ಮಗಳ ಹತ್ತಿರ ಕೇಳಿದ್ದಾಗಿತ್ತು. ದುಡ್ಡು ಹೆಚ್ಚಾದರೂ ಕಂತಿನಲ್ಲಿ ಕಟ್ಟಬಹುದಿತ್ತು. ಆದರೆ ಮನೆ ಕೊಟ್ಟವರೂ ಕೆಲಸ ಕೊಟ್ಟವರೂ ಒಂದೇ ಏಜೆನ್ಸಿಯವರು. ಆ ಮನೆಯಲ್ಲಿ ಐದು ಜನರನ್ನು ಇಟ್ಟಿರುವುದು ಕಾಗದದ ಮೇಲೆ ಬರಬಾರದು. ಈ ವಿಳಾಸದಲ್ಲಿ ಯಾವ ಲೈಸೆನ್ಸೂ ತೆಗೆಯಬೇಡ, ತೆಗೆದರೆ ರೂಮು ಖಾಲಿ ಮಾಡು ಎಂದು ಮ್ಯಾನೇಜರು ಹೇಳಿಬಿಟ್ಟಿದ್ದ. ರೂಮು ಹೋದರೆ ಕೆಲಸ, ಕೆಲಸ ಹೋದರೆ ವೀಸಾ.

“ಹಂಗಾದ್ರೆ ಇಲ್ಲಿಂದ ಮೀನಾ ಫೋನ್ನ ಟೀವಿ ಕಡೀಕೆ ತಿರುಗ್ಸಿ ಹಿಡ್ಕಳ್ಳಿ. ವೀಡಿಯೋ ಕಾಲ್ನಾಗೆ ಅವಳು ನೋಡ್ಕಂತಾಳೆ.”

“ಅದೂ ಅದೇ ಹೊತ್ತಿಗೆ ನೋಡ್ದಂಗೇ ಆಯ್ತಲ್ಲೇ.”

“ನೋಡ್ದಂಗೆ ಆಯ್ತೋ ಇಲ್ವೋ, ಸರ್ಯಾಗಿ ಹೇಳಿ.”

ಹುಚ್ಚರಂಗಯ್ಯನವರಿಗೆ ಗೊತ್ತಿರಲಿಲ್ಲ. ಆ ನಿಯಮಗಳಲ್ಲಿ ಎಲ್ಲಿ ಹುಡುಕಿದರೂ, ಮಗುವೊಂದು ಫೋನು ಹಿಡಿದುಕೊಂಡು ನಿಂತಿರುವ ವಿಷಯ ಬರೆದಿರಲಿಲ್ಲ. ಮಗಳನ್ನು ಕೇಳಿದರೆ, “ಬ್ಯಾಡಪ್ಪ, ನಂಗೆ ಹೆದ್ರಿಕೆ. ಬಾಗಿಲು ಬಡಿದ್ರೆ ಈಗ್ಲೇ ಎದೆ ಹೊಡ್ಕಂತದೆ” ಅಂದಳು.

ಅವರಿಗೆ ಸಣ್ಣತಿಮ್ಮಯ್ಯನೆಂಬುವನ ಮನೆಯ ಅಟ್ಟ ನೆನಪಾಯಿತು. ಇನ್‌ಸ್ಪೆಕ್ಟರ ಜೊತೆ ರೇಡಿಯೋ ಲೈಸೆನ್ಸಿನ ತಪಾಸಣೆಗೆ ಹೋದಾಗ ಸಣ್ಣತಿಮ್ಮಯ್ಯ ಮನೆಯಲ್ಲಿ ರೇಡಿಯೋ ಇಲ್ಲವೆಂದು ಆಣೆ ಇಟ್ಟಿದ್ದ. ಇಪ್ಪತ್ಮೂರು ವರ್ಷದ ಹುಚ್ಚರಂಗಯ್ಯ ಏಣಿ ಹತ್ತಿ, ಕೊಬ್ಬರಿಗೆಂದು ಹರಡಿದ್ದ ಕಾಯಿಗಳ ನಡುವೆ ಕೈ ಹಾಕಿ, ಗೋಣಿತಾಟು ಸುತ್ತಿದ್ದ ರೇಡಿಯೋವನ್ನು ಎಳೆದು ತಂದಿದ್ದರು. ಮೂಲೆಯಲ್ಲಿ ಮಲಗಿದ್ದ ಸಣ್ಣತಿಮ್ಮಯ್ಯನ ತಾಯಿ, ಕಣ್ಣು ಕಾಣದ ಮುದುಕಿ, “ಸ್ವಾಮಿ, ಅದು ನನ್ ಜೊತೆಗೆ ಮಾತಾಡ್ತಿತ್ತು” ಅಂದಿದ್ದಳು. ಇನ್‌ಸ್ಪೆಕ್ಟರು ಬೆನ್ನು ತಟ್ಟಿದ್ದರು. ಎಷ್ಟೋ ವರ್ಷ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದವರಿಗೆ ಈಗ ನಾಚಿಕೆಯಾಯಿತು. ಅಂದು ಏಣಿ ಹತ್ತದೆ ಇದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆದರೂ ಮಗಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರುದಿನ ಫೋನು ಮಾಡಿ, “ಲೈಸೆನ್ಸ್ ಬೇಕು ಕಣವ್ವ. ಇಲ್ದೆ ಇದ್ರೆ ಆ ಹೊತ್ತಿಗೆ ನೋಡಂಗಿಲ್ಲ. ಆಮ್ಯಾಕೆ ನೋಡ್ಬೌದು” ಅಂದರು.

“ಆಯ್ತು ಬುಡಪ್ಪ,” ಅಂದಳು ಪುಷ್ಪಲತಾ. “ಮೀನಂಗೆ ಏನೂ ಹೇಳ್ಬ್ಯಾಡ. ನಾನು ಫೋನ್ನಾಗೆ ಇರ್ತೀನಿ. ನೋಡ್ತಿದೀನಿ ಅಂತೀನಿ.”

ಎರಡು ದಿನ ನಡೆಯಿತು. ಮೂರನೆಯ ದಿನ ಮೀನಾ, “ಅಮ್ಮಾ, ಈಗ ಏನಾಯ್ತು ಹೇಳು?” ಎಂದು ಕೇಳಿದಳು.

“ಬಿದ್ನಲ್ಲೇ ಮಂಕ!”

ಅಡುಗೆಭಟ್ಟ ಬಿದ್ದಿರಲಿಲ್ಲ. ಅವತ್ತು ಅವನು ಧಾರಾವಾಹಿಯಲ್ಲೇ ಇರಲಿಲ್ಲ. ಮೀನಾ ದಿಂಬಿನ ಮೇಲಿದ್ದ ಫೋನನ್ನು ಬೋರಲು ಹಾಕಿ, ಎದ್ದು ಹಿತ್ತಿಲಿಗೆ ಹೋದಳು. ಅಜ್ಜಿ ಕರೆದರೂ ಬರಲಿಲ್ಲ. ಮರುದಿನ ಟೀವಿ ಹಾಕಿದರೂ ಫೋನಿನ ಹತ್ತಿರ ಕೂರಲಿಲ್ಲ. “ಅಮ್ಮ ಸುಳ್ಳು ಹೇಳ್ತಾಳೆ” ಅಂದಳು, ಅಷ್ಟೇ. ಹುಚ್ಚರಂಗಯ್ಯ ಟೀವಿ ಆರಿಸಿದರು. ಸುಳ್ಳು ಹೇಳಿಸಿದವರು ತಾವು.

ಅವರು ನಿಯಮಗಳನ್ನು ಮತ್ತೆ ಓದಿದರು. ಪ್ರಸಾರ ಮುಗಿದ ಮೇಲೆ ನೋಡಬಹುದು, ಸರಿ. ಇಲ್ಲಿ ಮೀನಾ ಕೂಡ ನೆನ್ನೆಯದನ್ನೇ ನೋಡಿದರೆ? ತಮ್ಮ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಎರಡೂ ಕಡೆ ನೆನ್ನೆಯದನ್ನು ಒಂದೇ ಸಲಕ್ಕೆ ಒತ್ತಿದರೆ? ಯಾವ ಅಧಿಕಾರಿ ಬಂದರೂ ಬೆರಳು ತೋರಿಸುವ ಹಾಗಿಲ್ಲ. ಕಾಗದ ಬಂದ ಮೇಲೆ ಮೊದಲ ಸಲ ಅವರಿಗೆ ಖುಷಿಯಾಯಿತು. ಆ್ಯಪಿಗೆ ತಮ್ಮ ಫೋನು, ಮಾತಿಗೆ ಪುಟ್ಟಗಂಗಮ್ಮನ ಹಳೇ ಗುಂಡಿ ಫೋನು. ಅದಕ್ಕೆ ಇಂಗ್ಲೆಂಡಿನಿಂದ ಪುಷ್ಪಲತಾಳೇ ಕರೆ ಮಾಡಬೇಕೆಂದು ತೀರ್ಮಾನವಾಯಿತು.

“ಇವತ್ತು ಅಮ್ಮ ದಿಟವಾಗ್ಲೂ ನೋಡ್ತಾಳೆ, ಬಾರವ್ವ,” ಎಂದು ಮೊಮ್ಮಗಳನ್ನು ಕರೆದರು.

“ನಂಬಲ್ಲ.”

“ನಿಮ್ ತಾತ ಸುಳ್ಳು ಹೇಳಿದ್ನಾ ಯಾವತ್ತಾದ್ರೂ?”

ಮೀನಾ ಯೋಚನೆ ಮಾಡಿ ಬಂದಳು. ಮನೆಯೊಳಗೆ ವೀಡಿಯೋಗೆ ಸಿಗ್ನಲ್ ಸಾಲದು. ಮೂವರೂ ಹೊರಗೆ ಬಂದು, ತೆಂಗಿನಕಾಯಿ ಸಿಪ್ಪೆಯ ಗುಡ್ಡೆಯ ಪಕ್ಕದ ಕಲ್ಲಿನ ಮೇಲೆ ಕೂತರು. ತೆಂಗಿನ ಸಾಲಿನಲ್ಲಿ ಕತ್ತಲೆ ಇಳಿಯುತ್ತಿತ್ತು. ತಾತನ ಫೋನನ್ನು ಒಂದು ಕಾಯಿಗೆ ಆನಿಸಿ ನಿಲ್ಲಿಸಿದರು. ಸ್ಪೀಕರ್ ಹಾಕಿದ ಗುಂಡಿ ಫೋನು ಅಜ್ಜಿಯ ಕೈಯಲ್ಲಿತ್ತು.

“ಎಣಿಸೇ ಮೀನಾ,” ಎಂದಳು ಪುಷ್ಪಲತಾ.

“ಒಂದೂ, ಎರಡೂ, ಮೂರು!”

ಹಾಡು ಬಂತು, ಅಲ್ಲೂ ಇಲ್ಲೂ. ಅಡುಗೆಭಟ್ಟ ತಲೆಯ ಮೇಲೆ ಕೊಳಗ ಹೊತ್ತು ಬಾಗಿಲಿಗೆ ಬಂದ. ಮೀನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನು ಒಂದು ಕಾಲು ಎತ್ತಿದ. ಚಿತ್ರ ನಿಂತುಹೋಯಿತು. ನಡುವೆ ಒಂದು ಸಣ್ಣ ಚಕ್ರ ಸುತ್ತತೊಡಗಿತು.

ಗುಂಡಿ ಫೋನಿನಲ್ಲಿ ಪುಷ್ಪಲತಾ ಗೊಳ್ಳೆಂದು ನಕ್ಕಳು. “ಮೀನಾ, ನೋಡ್ದೇನೇ! ಅಯ್ಯೋ ದೇವ್ರೇ, ಕೊಳಗದ ಸಮೇತ!”

ಮೀನಾ ತಾತನ ಮುಖ ನೋಡಿದಳು. ಹುಚ್ಚರಂಗಯ್ಯ ಫೋನನ್ನು ಎತ್ತಿ ಹಿಡಿದರು. ಎದ್ದು ನಿಂತರು. ಸಿಪ್ಪೆ ಗುಡ್ಡೆ ಹತ್ತಿ ಕೈ ಮೇಲೆ ಮಾಡಿದರು. ಎಪ್ಪತ್ತು ವರ್ಷದ ಕಾಲು ಸಿಪ್ಪೆಯಲ್ಲಿ ಹೂತುಹೋಗುತ್ತಿತ್ತು. “ನಿಲ್ಸವ್ವ, ಒಸಿ ನಿಲ್ಸು, ಇಲ್ಲಿ ಬಂದಿಲ್ಲ” ಎಂದು ಮೇಲಿನಿಂದ ಕೂಗಿದರು. ಆ ಕೂಗು ಗುಂಡಿ ಫೋನಿಗೆ ತಲುಪಲಿಲ್ಲ. ಅಲ್ಲಿ ಒಂದಾದ ಮೇಲೊಂದು ಅವಳ ನಗು.

ಸ್ವಲ್ಪ ಹೊತ್ತಾದ ಮೇಲೆ ನಗು ನಿಂತಿತು. “ಮೀನಾ? ಇದ್ದೀಯೇನೇ? ನಗ್ತಾನೇ ಇಲ್ಲ?”

ಮೀನಾ ಅಜ್ಜಿಯ ಕೈಯಿಂದ ಫೋನು ತೆಗೆದುಕೊಂಡಳು. ಗುಡ್ಡೆಯ ಮೇಲೆ ಕೈ ಎತ್ತಿಕೊಂಡು ನಿಂತಿದ್ದ ತಾತನನ್ನು ನೋಡಿದಳು.

“ಬಿದ್ನಲ್ಲಮ್ಮ ಮಂಕ,” ಎಂದಳು. ಆಮೇಲೆ ನಕ್ಕಳು, ಆ ಕಡೆಯವರಿಗೆ ಕೇಳಿಸುವಷ್ಟು ಜೋರಾಗಿ.