ಏರು ಹತ್ತದ ಗಾಡಿ

ಗೋದಾಮಿನ ಏರಿನಲ್ಲಿ ಅರ್ಧಕ್ಕೆ ಬಂದ ಫೋರ್ಕ್‌ಲಿಫ್ಟು ಮತ್ತೆ ಗೊರಗುಟ್ಟಿ ನಿಂತಿತು. ಮುಂದೆ ತೆಂಗಿನ ನಾರನ್ನು ಒತ್ತಿ ಕಟ್ಟಿದ ಎರಡು ಬೇಲು. ಬೆಟ್ಟಸ್ವಾಮಿ ಆಕ್ಸಿಲರೇಟರ್ ಎಷ್ಟು ಒತ್ತಿದರೂ ಇಂಜಿನ್ನಿಗೆ ದಮ್ಮೇ ಇಲ್ಲ. ಬ್ರೇಕ್ ಹಿಡಿದುಕೊಂಡು, ಕೆಳಗೆ ನಿಂತಿದ್ದ ಮೆಕ್ಯಾನಿಕ್ ರುದ್ರೇಶನ ಮುಖ ನೋಡಿದ.

"ಅರ್ಧ ಗಂಟೆ ಚೆನ್ನಾಗೇ ಓಡ್ತದೆ ಕಣಪ್ಪ. ಆಮೇಲೆ ಹಿಂಗೆ."

"ಕರೀ ಹೊಗೆ ಬತ್ತಿಲ್ಲ ಕಣಣ್ಣ. ಇಂಜಿನ್‌ಗೆ ಡೀಸೆಲ್ಲೇ ಸರ್ಯಾಗಿ ಹೋಗ್ತಿಲ್ಲ."

ರುದ್ರೇಶ ಚಿಕ್ಕನಾಯಕನಹಳ್ಳಿಯಿಂದ ಬರುತ್ತಿರುವುದು ಇದು ಮೂರನೇ ದಿನ. ಮೊದಲ ದಿನ ಏರ್ ಫಿಲ್ಟರಿನಲ್ಲಿ ಕೂತಿದ್ದ ನಾರಿನ ದೂಳನ್ನೆಲ್ಲ ಕೊಡವಿದ. ಎರಡನೇ ದಿನ ಡೀಸೆಲ್ ಫಿಲ್ಟರು ಬದಲಿಸಿ, ಪೈಪು ಬಿಚ್ಚಿ ಊದಿದ. ಎರಡು ದಿನವೂ ಅರ್ಧ ಗಂಟೆ ಗಾಡಿ ಎಳೆದದ್ದೇ ಎಳೆದದ್ದು, ಆಮೇಲೆ ಹಳೇ ಗಂಡನ ಪಾದವೇ ಗತಿ.

ಇವತ್ತು ಆಗದಿದ್ದರೆ ನಾಳೆ ಗುಜರಿಗೆ ಎಂದು ಸಾಹುಕಾರ ಶಿವಮೂರ್ತಿ ಬೆಳಿಗ್ಗೆಯೇ ಹೇಳಿದ್ದರು. ಬಾಡಿಗೆಯ ಕರೆಂಟ್ ಗಾಡಿ ಬರುತ್ತದೆ, ಅದರ ಜೊತೆ ಬಾಡಿಗೆ ಕೊಡುವವರದೇ ಡ್ರೈವರ್. "ನಿಂಗೂ ವಯಸ್ಸಾಯ್ತು ಬೆಟ್ಟಸ್ವಾಮಿ, ಮನೇಲಿ ಆರಾಮಾಗಿರು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆರಾಮಂತೆ! ಹೆಂಡತಿ ಸರ್ವಮಂಗಳ ತೀರಿಕೊಂಡು ಎರಡು ವರ್ಷ, ಮಕ್ಕಳಿಲ್ಲ. ಆ ಮನೆಯಲ್ಲಿ ಎಚ್ಚರವಾಗಿರುವುದೆಂದರೇ ಅವನಿಗೆ ಹೆದರಿಕೆ. ಇಲ್ಲಿ ಗಾಡಿಯನ್ನಾದರೂ ಬೈದುಕೊಂಡಿರಬಹುದು.

ರುದ್ರೇಶ ತಲೆ ಕೆರೆದುಕೊಂಡ. ಎರಡು ಸಲವೂ ಸ್ಟಾರ್ಟ್ ಮಾಡುವ ಮುಂಚೆ ತಾನು ಮಾಡಿದ್ದೇನು? ಡೀಸೆಲ್ ಎಷ್ಟಿದೆಯೆಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದು.

"ಇಂಜಿನ್ ಆರಿಸ್ಬೇಡ, ಹಂಗೇ ಇರು," ಎಂದು ಮುಚ್ಚಳ ತಿರುಗಿಸಿದ. ಸುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ದನಿ ಏರಿತು, ಗಾಡಿ ಬೇಲುಗಳನ್ನು ಹೊತ್ತು ಸಲೀಸಾಗಿ ಏರು ಹತ್ತಿತು.

ಮುಚ್ಚಳದ ಮೇಲೆ ಬೆಳ್ಳಗೆ ದಪ್ಪನೆಯ ಹಕ್ಕಳೆ ಕಟ್ಟಿತ್ತು.

"ಏನಣ್ಣ ಇದು?"

"ವಿಭೂತಿ. ಸೋಮ್ವಾರ ಸೋಮ್ವಾರ ಕಲಸಿ ಹಚ್ತೀನಿ. ಗಾಡೀಲಿ ಲಿಂಗದಂಗೆ ದುಂಡಗಿರೋದು ಅದೊಂದೇ ನೋಡು."

ರುದ್ರೇಶನಿಗೆ ನಗು ತಡೆಯಲಾಗಲಿಲ್ಲ. "ಇದ್ರಲ್ಲೊಂದು ಸಣ್ಣ ತೂತೈತೆ ಕಣಣ್ಣ. ಡೀಸೆಲ್ ಖರ್ಚಾದಂಗೆ ಒಳಕ್ಕೆ ಗಾಳಿ ಹೋಗ್ಬೇಕು. ನೀನು ಅದ್ನೇ ಮೆತ್ತಿಬುಟ್ಟಿದೀಯ. ಗಾಡಿಗೇನೂ ಆಗಿಲ್ಲ, ನಿನ್ ಭಕ್ತಿ ಜಾಸ್ತಿ ಆಗೈತೆ. ಪೂಜೆ ಮನೇಲಿ ಮಾಡು, ಇದ್ನ ಬುಡು."

"ಮನೇಲಿ ದೀಪ ಹಚ್ತಿದ್ದೋಳು ಅವ್ಳು," ಎಂದ ಬೆಟ್ಟಸ್ವಾಮಿ. "ಅವ್ಳು ಹೋದ್ಮೇಲೆ ದೇವ್ರ ಗೂಡಿನ ಮುಂದೆ ನಿಲ್ಲಕ್ಕೇ ಆಗಲ್ಲ ಕಣಪ್ಪ."

ರುದ್ರೇಶ ಮತ್ತೆ ನಗಲಿಲ್ಲ. ತಂತಿಯಿಂದ ತೂತು ಬಿಡಿಸಿ, ಮುಚ್ಚಳವನ್ನು ಬಟ್ಟೆಯಿಂದ ಒರೆಸಿ ಹಾಕಿದ. "ಹಚ್ಲೇಬೇಕು ಅನ್ಸಿದ್ರೆ ಗಾಡಿ ಮುಂದ್ಗಡೆ ಹಚ್ಚಣ್ಣ," ಎಂದು ಮೆಲ್ಲಗೆ ಹೇಳಿ ಬೈಕ್ ಹತ್ತಿದ.

ಗಾಡಿ ಕೈಕೊಡಲು ಶುರುವಾದಾಗಿನಿಂದ ಲೋಡಿನ ಕೆಲಸ ರಾತ್ರಿ ಎಂಟರವರೆಗೂ ಎಳೆಯುತ್ತಿತ್ತು. ಮನೆಗೆ ಹೋಗಿ ಉಂಡು ಮಲಗಿದರೆ ಮುಗಿಯಿತು. ಇವತ್ತು ಮೂರೂವರೆಗೇ ಲಾರಿ ತುಂಬಿತು. ಶಿವಮೂರ್ತಿ ಬಂದು ನೋಡಿ ಖುಷಿಪಟ್ಟರು.

"ಗಾಡೀನೂ ಇರ್ಲಿ, ನೀನೂ ಇರು. ಮೂರು ದಿನದಿಂದ ಒದ್ದಾಡಿದೀಯ, ಬೇಗ ಮನೆಗೆ ಹೋಗು."

"ಹೂಂ," ಎಂದ ಬೆಟ್ಟಸ್ವಾಮಿ.

ನಾರಿನ ಕೆಲಸದ ಹೆಂಗಸರು ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಆಟೋ ಹತ್ತಿದರು. ಬೆಟ್ಟಸ್ವಾಮಿ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದ. ಕೈ ಕೀಲಿಯವರೆಗೂ ಹೋಗಿ ವಾಪಸು ಬಂತು.

"ಕೆಲ್ಸ ಮುಗೀತಲ್ಲ, ಇನ್ನೂ ಯಾಕ್ಲಾ ಓಡಿಸ್ತಿದೀಯ?" ಗೇಟಿನಿಂದ ವಾಚ್‌ಮನ್ ಚಿಕ್ಕಹನುಮಯ್ಯ ಕೂಗಿದ.

"ಸ್ವಲ್ಪ ತಡೀಲಾ. ಮತ್ತೆ ದಮ್ಮು ಹೋಗ್ತದೇನೋ ನೋಡ್ತೀನಿ."

ಸೀಟಿನಲ್ಲೇ ಕೂತ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಇಂಜಿನ್ನು ಒಂದೇ ಸಮನೆ ಓಡುತ್ತಿತ್ತು.