ಶಾರ್ಕಿನ ಮೂರು ಮಾತು

"ಹಸಿವು," ಎಂದಿತು ಶಾರ್ಕ್, ಮತ್ತೆ.

ಐಸೋಲಿ ದೋಣಿಯಿಂದ ಬಾಗಿ, ಶಾರ್ಕನ್ನು ಕರೆಯುವ ತೆಂಗಿನ ಚಿಪ್ಪಿನ ಗಿಲಕಿಯನ್ನು ನೀರಿನಲ್ಲಿ ಇನ್ನೊಮ್ಮೆ ಅಲ್ಲಾಡಿಸಿದ. ನನ್ನ ತಮ್ಮ ಲಪುನ್ ಎಲ್ಲಿ? ಒಂಬತ್ತು ದಿನದ ಹಿಂದೆ ಇಲ್ಲೇ ದೋಣಿ ಇಳಿಸಿದವನು.

"ಇಲ್ಲಿ."

"ಯಾರು ಇಲ್ಲಿ?"

"ಬಂದೆ. ಹಸಿವು."

ಅದಕ್ಕೆ ಇದ್ದದ್ದು ಅಷ್ಟೇ ಮಾತು. ನಿನ್ನೆ ಎಂಬುದಿರಲಿಲ್ಲ, ಎದುರಿಗಿಲ್ಲದವನಿಗೆ ಹೆಸರೂ ಇರಲಿಲ್ಲ. ಸತ್ತವರ ಜೀವ ಶಾರ್ಕಿನಲ್ಲಿ ಬರುತ್ತದೆಂದು ಊರು ನಂಬಿತ್ತು. ಹಾಗಾದರೆ ಮಾವ ನಲವತ್ತು ವರ್ಷ ಶಾರ್ಕುಗಳಿಂದ ಕೇಳಿ ಊರಿಗೆ ತಂದುಕೊಟ್ಟ ಸಂದೇಶಗಳು? ಸತ್ತವರ ಕ್ಷಮೆ, ಹುಟ್ಟಿದ ಮಗುವಿಗೆ ಇಡಬೇಕಾದ ಹೆಸರು? ಐಸೋಲಿಗೆ ಶಾರ್ಕಿನ ಮಾತು ಕೇಳಿಸುವಂತೆ ಮಾಡಿದವನು ಮಾವನೇ. ಒಬ್ಬನೇ ಬಂದದ್ದು ಮಾತ್ರ ಇದೇ ಮೊದಲು. ಕವಿಯೆಂಗ್ ಪಟ್ಟಣದ ಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

ಕರೆದ ಶಾರ್ಕಿಗೆ ಹಗ್ಗದ ಕುಣಿಕೆ ಹಾಕಿ ಹಿಡಿಯಲೇಬೇಕು; ಅದು ನಿಯಮ. ಇನ್ನೊಂದು ಮಾತು ಹೇಳೀತೆಂದು ಕಾದ. ಕುಣಿಕೆ ತೊಡೆಯ ಮೇಲೇ ಉಳಿಯಿತು. ಕೊನೆಗೆ ದೋಣಿ ತಿರುಗಿಸಿದ. ಶಾರ್ಕ್ ಹಿಂದೆಯೇ ಬಂತು.

ದಡದಲ್ಲಿ ಅಮ್ಮ ಬೆಂದ ಕೆಸುವಿನ ಗೆಡ್ಡೆಯ ಬುಟ್ಟಿ ಹಿಡಿದು ನಿಂತಿದ್ದಳು. ಸತ್ತನೆಂದರೆ ತಿಥಿಯೂಟ, ಬದುಕಿದ್ದಾನೆಂದರೆ ಬರೀ ಊಟ. ಯಾವುದೆಂದು ಗೊತ್ತಾಗದೆ ಒಂಬತ್ತು ದಿನದಿಂದ ಅವಳು ಗೆಡ್ಡೆ ಬಾಯಿಗಿಟ್ಟಿರಲಿಲ್ಲ.

ಮಾವ ದೋಣಿ ಎಳೆಯುತ್ತ ತಗ್ಗಿದ ದನಿಯಲ್ಲಿ ಅಂದ: "ಹೇಳಪ್ಪಾ ಮೇಷ್ಟ್ರೇ. ಪಾಠ ಮಾಡೋಕ್ ಬರುತ್ತಲ್ಲ."

"ಮಾವ, ಅದಕ್ಕೆ ಬರೋದೇ ಮೂರು ಮಾತು."

"ನಂಗೊತ್ತಿಲ್ವಾ? ಉಳಿದದ್ದನ್ನ ದಡಕ್ಕೆ ಬರೋದ್ರೊಳಗೆ ಹುಡುಕ್ಕೋಬೇಕಿತ್ತು."

ಅಮ್ಮ ಅವರತ್ತ ನೋಡುತ್ತಿರಲಿಲ್ಲ. ದೋಣಿಯ ಹಿಂದೆ, ಆಳವಿಲ್ಲದ ನೀರಿನಲ್ಲಿ, ಒಂದು ಬೆನ್ನುರೆಕ್ಕೆ ಸುತ್ತುತ್ತಿತ್ತು. ಕುಣಿಕೆ ಬೀಳದ ಶಾರ್ಕ್ ದಡದವರೆಗೆ ಬಂದದ್ದನ್ನು ಊರು ಕಂಡಿರಲಿಲ್ಲ.

"ಕಟ್ಟದೇನೇ ಕರ್ಕೊಂಡು ಬಂದಿದೀಯ," ಎಂದಳು. "ನಮ್ಮ ಲಪುನ್ನು."

ಐಸೋಲಿ ಮಾವನನ್ನು ನೋಡಿದ. ಮಾವ ಹಗ್ಗ ಸುತ್ತತೊಡಗಿದ.

"ಹಸಿವಾಗಿದ್ಯಂತಾ ಅವ್ನಿಗೆ?" ಅಮ್ಮ ಕೇಳಿದಳು.

"ಹೂಂ," ಎಂದ ಐಸೋಲಿ. ಅಂದು ಅವನಾಡಬಹುದಾಗಿದ್ದ ಒಂದೇ ನಿಜ.

ಅಮ್ಮ ಮೊಣಕಾಲಿನವರೆಗೆ ನೀರಿಗಿಳಿದಳು. ಗೆಡ್ಡೆ ಮುರಿದು ಮುರಿದು ಹಾಕಿದಳು. ತುಂಡುಗಳು ಅವಳ ಕಾಲಿನ ಸುತ್ತ ಮುಳುಗಿದವು. ಶಾರ್ಕ್ ಒಂದನ್ನೂ ಮೂಸಲಿಲ್ಲ. ಅದರ ಸುತ್ತು ಮಾತ್ರ ಕಿರಿದಾಗುತ್ತಿತ್ತು.

"ಇಲ್ಲಿ," ಎಂದಿತು.

ಅಮ್ಮಾ, ಮೇಲೆ ಬಾ ಎನ್ನಬೇಕು. ಯಾಕೆ ಎಂದು ಕೇಳುತ್ತಾಳೆ; ಅದು ಲಪುನ್ ಅಲ್ಲ ಎನ್ನಬೇಕಾಗುತ್ತದೆ. ಮಾತು ಹುಡುಕುತ್ತ ಐಸೋಲಿ ದೋಣಿಯಂಚಿನಿಂದ ಅವಳತ್ತ ಬಾಗಿದ. ಕೈಯಲ್ಲೇ ಉಳಿದಿದ್ದ ಗಿಲಕಿ, ಅರ್ಧ ನೀರಿನಲ್ಲಿ ಮುಳುಗಿ, ಅಲೆಗೆ ಅಲ್ಲಾಡುತ್ತ ಶಾರ್ಕನ್ನು ಕರೆಯುತ್ತಲೇ ಇತ್ತು.