ಬಾಗಿಲಲ್ಲಿ ದಫೇದಾರ

ಪಕ್ಕದ ಮನೆಯ ಕಿಟಕಿಯ ಸರಳು ಬಗ್ಗಿಸಿ ಕಳ್ಳರು ನುಗ್ಗಿದ ಮೇಲೆ, ಲಾರಿ ಓಡಿಸುತ್ತಿದ್ದ ಗಂಡನಿಗೆ ನೆಮ್ಮದಿ ಹಾರಿಹೋಯಿತು. ಮನೆಯಲ್ಲಿರುವುದು ಇಬ್ಬರೇ ಹೆಂಗಸರು: ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ, ಒಳಕೋಣೆಯಲ್ಲಿ ಮಂಡಿನೋವಿನ ತಾಯಿ. ತಾನು ಸರಕು ಹೇರಿಕೊಂಡು ಹೊರಟರೆ ವಾರಗಟ್ಟಲೆ ಈ ಕಡೆ ಮುಖ ಹಾಕುವಂತಿಲ್ಲ. ಯಾರನ್ನೂ ಕೇಳದೆ ಒಂದು ದಿನ ನಾಯಿ ಸಾಕುವವನನ್ನು ಮನೆಗೆ ಕರೆತಂದ.

ವ್ಯಾನಿನಿಂದ ಇಳಿದದ್ದು ನಾಯಿಯೋ ಕರುವೋ ಎಂದು ಅತ್ತೆ ಕಣ್ಣು ಕಿರಿದು ಮಾಡಿದರು. ಕಾವಲಿಗೆಂದೇ ಬೆಳೆಸುವ ಮ್ಯಾಸ್ಟಿಫ್ ತಳಿ. ಅದರ ತಲೆ ಹೊಲಿಗೆ ಯಂತ್ರದ ಹಲಗೆಯಷ್ಟು ಎತ್ತರಕ್ಕಿತ್ತು.

"ಇದರ ಜೊತೆ ದಿನಾ ಇರೋರು ಯಾರು?" ನಾಯಿ ಸಾಕುವವನು ಕೇಳಿದ.

"ನಾನೇ," ಅಂದ ಗಂಡ.

"ಯೋಚ್ನೆ ಮಾಡಿ ಹೇಳಿ. ಇದು ಸುಮ್ನೆ ಬೊಗಳಿ ಬಿಡೋ ನಾಯಿ ಅಲ್ಲ, ಯಾರನ್ನ ಒಳಗೆ ಬಿಡ್ಬೇಕು ಅಂತ ತಾನೇ ತೀರ್ಮಾನ ಮಾಡುತ್ತೆ. ಹಿಡಿಯೋರ ಕೈಲಿ ಬಲ ಇರ್ಬೇಕು, ದಿನಾ ಅಭ್ಯಾಸ ಮಾಡ್ಸೋಕೆ ಪುರುಸೊತ್ತು ಇರ್ಬೇಕು. ಒಂದು ತಿಂಗಳು ನೋಡಿ. ಆಗಲ್ಲ ಅಂದ್ರೆ ಬಂದು ಕರ್ಕೊಂಡು ಹೋಗ್ತೀನಿ. ಅದ್ರಲ್ಲಿ ನಾಚ್ಕೆ ಏನಿಲ್ಲ."

ಹೆಂಡತಿ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. 'ಇರೋಳು ನಾನು' ಎಂಬ ಮಾತು ಗಂಟಲ ತನಕ ಬಂತು. ಗಂಡನ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು. ಮಾತು ನುಂಗಿಕೊಂಡಳು. ಎರಡು ದಿನ ಬಿಟ್ಟು ಅವನು ಲಾರಿ ಹತ್ತಿದ.

ನಾಯಿ ಮುಂಬಾಗಿಲಿಗೆ ಅಡ್ಡಲಾಗಿ ಮಲಗಿತು. "ದಫೇದಾರ್ರು ಡ್ಯೂಟಿಗೆ ಬಂದ್ರು," ಎಂದು ಅತ್ತೆ ನಕ್ಕರು. ಅದೇ ಹೆಸರಾಯಿತು. ಮನೆಯವರ ಮಟ್ಟಿಗೆ ದಫೇದಾರ ಬೆಣ್ಣೆಯಂಥವನು. ಅತ್ತೆ ಮಂಚದಿಂದ ಕಾಲು ಇಳಿಬಿಟ್ಟರೆ ಪಾದಕ್ಕೆ ತಲೆ ಆನಿಸಿ ಕೂರುತ್ತಿದ್ದ. ಹೊರಗಿನವರು ಹೊಸ್ತಿಲ ಹತ್ತಿರ ಬಂದರೆ ಮಾತ್ರ ಎದ್ದು ನಿಲ್ಲುತ್ತಿದ್ದ. ಬೊಗಳುತ್ತಿರಲಿಲ್ಲ. ಎದೆಯೊಳಗಿಂದ ಗುರ್ರೆಂಬ ಒಂದು ಸದ್ದು, ಅಷ್ಟೇ. ಬಟ್ಟೆಗೆ ಅಳತೆ ಕೊಡಲು ಬಂದವರು, "ಇನ್ನೊಂದ್ಸಲ ಬರ್ತೀನಮ್ಮಾ," ಎಂದು ಹಿಂದೆ ಸರಿಯುತ್ತಿದ್ದರು. ಇನ್ನೊಂದು ಸಲ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಸುತ್ತಾಡಿಸಲು ಕರೆದೊಯ್ದಾಗ ಒಬ್ಬ ಸೈಕಲ್ಲಿನವನು ತೀರಾ ಹತ್ತಿರ ಹಾದುಹೋದ. ದಫೇದಾರ ಎಳೆದ ರಭಸಕ್ಕೆ ಅವಳು ಮೊಣಕಾಲೂರಿ ಬಿದ್ದಳು. ಬಾರು ಸುತ್ತಿಕೊಂಡಿದ್ದ ಅಂಗೈ ಸುಲಿದುಹೋಯಿತು. ಆಮೇಲೆ ಹಿತ್ತಲೇ ಅವನ ಪ್ರಪಂಚ. ಅವಳದ್ದೂ ಅದೇ. ಅವನನ್ನು ಕರೆದುಕೊಂಡು ಹೊರಡುವಂತಿಲ್ಲ. ಬಿಟ್ಟು ಹೊರಟರೆ, ಯಾರಾದರೂ ಬಂದಾಗ ಅತ್ತೆ ಅವನನ್ನು ಹೇಗೆ ಹಿಡಿದಾರು? ಅಂಗಡಿಯವನು ತರಕಾರಿ ಚೀಲವನ್ನು ಕಿಟಕಿಯ ಸಂದಿಯಿಂದ ತೂರಿಸುತ್ತಿದ್ದ. ಮೊದಲ ಸಲ ಈಸಿಕೊಳ್ಳುವಾಗ ಜೈಲಿನ ಊಟ ನೆನಪಾಗಿ ನಗು ಬಂತು. ಆಮೇಲೆ ಬರಲಿಲ್ಲ.

ಗಂಡ ಫೋನಿನಲ್ಲಿ, "ಹೇಗಿದಾನೆ ನಮ್ಮ ಹುಡುಗ?" ಎನ್ನುತ್ತಿದ್ದ.

"ಚೆನ್ನಾಗಿದಾನೆ ರೀ."

"ಈಗ ನಾನು ನಿಶ್ಚಿಂತೆಯಾಗಿ ಗಾಡಿ ಓಡಿಸ್ತಿದೀನಿ ಕಣೇ."

ಆ ನಿಶ್ಚಿಂತೆಯನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಚ್ಚಲಲ್ಲಿ ದಡಾರನೆ ಸದ್ದಾಯಿತು. ಅತ್ತೆ ಜಾರಿ ಬಿದ್ದಿದ್ದರು. ಕಾಲು ವಿಕಾರವಾಗಿ ತಿರುಚಿಕೊಂಡಿತ್ತು, ಹಣೆಯಿಂದ ರಕ್ತ ಇಳಿಯುತ್ತಿತ್ತು. ಎತ್ತಲು ಹೋದರೆ ಅತ್ತೆ ಚೀರಿದರು. ಅವಳ ಕೂಗಿಗೆ ಮಹಡಿಯ ಮೇಲಿನ ಮನೆಯ ನರ್ಸು ತನ್ನ ಗಂಡನ ಜೊತೆ ಓಡಿಬಂದಳು. ಬಾಗಿಲಲ್ಲಿ ದಫೇದಾರ ನಿಂತಿದ್ದ. ಈ ಸಲ ಹಲ್ಲೂ ಕಾಣುತ್ತಿತ್ತು.

"ನಾಯೀನ ಹಿಡ್ಕೊಳ್ರೀ!" ನರ್ಸು ಬೀದಿಯಿಂದಲೇ ಕೂಗಿದಳು.

ಅವಳು ಎರಡೂ ಕೈಯಿಂದ ಕೊರಳಪಟ್ಟಿ ಹಿಡಿದು ಜಗ್ಗಿದಳು. ಬಂಡೆ ಜಗ್ಗಿದಂತಿತ್ತು. ಬೈದಳು, ಬೇಡಿಕೊಂಡಳು, ರೊಟ್ಟಿ ತೋರಿಸಿದಳು. ಅವನು ತಿರುಗಿಯೂ ನೋಡಲಿಲ್ಲ. ಒಳಗೆ ಅತ್ತೆಯ ನರಳಾಟ ಸಣ್ಣಗಾಗುತ್ತಿತ್ತು.

ಆಗ ಅವಳು ಅಡುಗೆಮನೆಗೆ ಓಡಿ, ನೆಲದ ಮೇಲೆ ಬಿದ್ದು, ಯಾರೋ ಕತ್ತು ಹಿಸುಕುತ್ತಿರುವಂತೆ ಅರಚಿದಳು. ದಫೇದಾರ ಬಾಗಿಲು ಬಿಟ್ಟು ಒಂದೇ ನೆಗೆತಕ್ಕೆ ಬಂದ. ಅವಳು ಕಾಲಿನಿಂದ ಕದ ಒದ್ದು ಮುಚ್ಚಿ, ಅದಕ್ಕೆ ಬೆನ್ನು ಆನಿಸಿ ಕೂತಳು. "ಬನ್ನಿ! ಬೇಗ ಬನ್ನಿ!"

ದಫೇದಾರ ಅವಳ ಮುಖ, ಕೈ, ಕುತ್ತಿಗೆ ಮೂಸಿದ. ಗಾಯವೆಲ್ಲಿದೆಯೆಂದು ಹುಡುಕಿದ. ಹೊರಗಿನ ಹೆಜ್ಜೆ ಸದ್ದಿಗೆ ಅವನ ಮೈ ಬಿಗಿಯಿತು. ಕದಕ್ಕೆ ಎರಗಿದಾಗ ಅವಳ ತಲೆ ಬಾಗಿಲಿಗೆ ಬಡಿಯಿತು. ಅವನ ಕೊರಳನ್ನು ತಬ್ಬಿ ತನ್ನ ಭಾರವನ್ನೆಲ್ಲ ಹಾಕಿದಳು. ಗೋಡೆಯಾಚೆ, ನರ್ಸು ಕರೆಸಿದ್ದ ಆಂಬುಲೆನ್ಸಿಗೆ ಅತ್ತೆಯನ್ನು ಎತ್ತುತ್ತಿದ್ದರು.

"ನನ್ನ ಸೊಸೆ ಎಲ್ಲಿ? ಅವಳು ಬರಲ್ವಾ?" ಅತ್ತೆಯ ದನಿ.

"ಬರ್ತೀನಿ ಅತ್ತೆ!" ಎಂದು ಕೂಗಿದಳು. ನಾಯಿಯ ಗುರ್ರೆನ್ನುವಿಕೆಯಲ್ಲಿ ಅದು ಕೇಳಿಸಿತೋ ಇಲ್ಲವೋ. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಸದ್ದು ತಿರುವಿನಲ್ಲಿ ಕರಗಿದ ಮೇಲೆ ದಫೇದಾರ ತನ್ನ ತಲೆಯನ್ನು ಅವಳ ತೊಡೆಯ ಮೇಲಿಟ್ಟು ನಿಟ್ಟುಸಿರುಬಿಟ್ಟ. ತನ್ನ ಕೆಲಸ ಸರಿಯಾಗಿ ಮುಗಿಯಿತು ಎಂಬಂತೆ. ಅವಳು ಅವನ ಕಿವಿಯ ಮೇಲೆ ಮುಖವಿಟ್ಟು ಅತ್ತಳು.

ನಾಯಿ ಸಾಕುವವನಿಗೆ ಫೋನು ಮಾಡಿದ ಮೇಲೆಯೇ ಗಂಡನಿಗೆ ಮಾಡಿದಳು.

ಸಂಜೆ ವ್ಯಾನು ಬಂತು. ದಫೇದಾರ ಹಳೆಯ ಯಜಮಾನನ ಗುರುತು ಹಿಡಿದು ಬಾಲ ಅಲ್ಲಾಡಿಸಿದ, ಆದರೆ ಹೊಸ್ತಿಲು ದಾಟಲಿಲ್ಲ. ಕೊನೆಗೆ ಅವಳೇ ವ್ಯಾನಿನೊಳಗೆ ಹತ್ತಿ ಕೂತಳು. ಅವನು ಹಿಂದೆಯೇ ಹತ್ತಿದ. ಅವಳು ಇನ್ನೊಂದು ಬಾಗಿಲಿನಿಂದ ಇಳಿದಳು.

"ನಾಯಿದೇನೂ ತಪ್ಪಿಲ್ಲ," ಅಂದಳು.

"ನಿಮ್ದೂ ಇಲ್ಲಮ್ಮ. ಹೊತ್ತಿಗೆ ಸರಿಯಾಗಿ ಕರೆದ್ರಿ," ಎಂದು ಅವನು ಗಾಡಿ ಶುರುಮಾಡಿದ.

ಅತ್ತೆಯ ಕಾಲಿಗೆ ರಾಡು ಹಾಕಿದರು. ಮರುದಿನ ಆಸ್ಪತ್ರೆಗೆ ಬಂದಿಳಿದ ಗಂಡ ಕಾರಿಡಾರಿನಲ್ಲಿ ಸಿಡುಕಿದ. "ಇಷ್ಟು ಕಷ್ಟ ಆಗ್ತಿದೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಅವತ್ತು ಆ ನಾಯಿ ಸಾಕೋನು ಕೇಳಿದ್ದಕ್ಕೆ ನೀವೇ 'ನಾನೇ' ಅಂದ್ರಲ್ಲ. ನಾನು ಇರೋ ಮನೆಗೆ ನಿಮ್ಮ ಭಯ ತಂದು ಕಟ್ಟಿ ಹೋದ್ರಿ ರೀ. ಅದನ್ನ ಹಿಡಿಯೋ ಶಕ್ತಿ ನನಗಿದೆಯಾ ಅಂತ ಕೇಳಿದ್ರಾ?"

ಅವನು ಗೋಡೆಗೆ ಒರಗಿದ. ಅವಳ ಸುಲಿದ ಅಂಗೈ ಆಗಷ್ಟೇ ಅವನ ಕಣ್ಣಿಗೆ ಬಿತ್ತು.

ಅತ್ತೆ ಕೋಲೂರಿ ಓಡಾಡುವ ಹೊತ್ತಿಗೆ ಅವನು ಹತ್ತಿರದ ಊರುಗಳ ಬಾಡಿಗೆ ಮಾತ್ರ ಒಪ್ಪಿಕೊಳ್ಳತೊಡಗಿದ್ದ. ದಫೇದಾರ ಊರಾಚೆಯ ಒಂದು ಹಣ್ಣಿನ ತೋಟ ಸೇರಿದ್ದಾನೆ, ಅಲ್ಲಿ ಓಡಲು ಬೇಕಾದಷ್ಟು ಜಾಗವಿದೆ ಎಂದು ಸುದ್ದಿ ಬಂತು.

"ಹೋಗಿ ನೋಡ್ಕೊಂಡು ಬರೋಣ್ವಾ?" ಎಂದ ಗಂಡ.

"ಬೇಡ ರೀ," ಅವಳು ಸೂಜಿಗೆ ದಾರ ಪೋಣಿಸುತ್ತಾ ಅಂದಳು. "ನನ್ನ ಕಂಡ್ರೆ ಜೊತೇಲೇ ಹೊರಟುಬಿಡ್ತಾನೆ."